ಪಳೆಯುಳಿಕೆ ಅಣ್ಣ
ನಮ್ಮ ಸಿಯೋಲ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ತೇಗ್ಯು ಅಣ್ಣನಿಗೆ ‘ಪಳೆಯುಳಿಕೆ’ ಎಂದೇ ಹೆಸರು. ಜೊತೆಗೆ ಓದಿದವರ ಮಕ್ಕಳು ಶಾಲೆಗೆ ಹೊರಟರೂ ಇವನಿನ್ನೂ ವಿದ್ಯಾರ್ಥಿ. ಮಾರ್ಚ್‌ನಲ್ಲಿ ಹೊಸ ವರ್ಷದ ತರಗತಿ ಶುರುವಾಯಿತೆಂದರೆ ಹೊಸಬರೆಲ್ಲ ಯಾವ ವರ್ಷ ಏನು ಓದಬೇಕೆಂದು ಕೇಳಲು ಅವನ ಮೇಜಿಗೆ ಮುತ್ತಿಕೊಳ್ಳುತ್ತಾರೆ. ಅವನು ನೂಡಲ್ಸ್ ಸೊರ್ರನೆ ಎಳೆದುಕೊಳ್ಳುತ್ತಲೇ, “ಮೊದ್ಲು ಗಣಿತ ಮುಗಿಸ್ಕೊಳೋ, ಆಮೇಲೆ ಅಲ್ಗಾರಿದಮ್. ಇಲ್ದಿದ್ರೆ ಈಜು ಬರ್ದೆ ಹಾನ್ ನದಿಗೆ ಹಾರ್ದಂಗೆ!” ಎನ್ನುತ್ತಾನೆ. ಹುಡುಗರು ಕಡ್ಡಾಯ ಸೈನ್ಯದ ಸೇವೆಗೆ ಯಾವಾಗ ಹೋಗಬೇಕು, ಯಾವ ಮೇಷ್ಟ್ರು ಬೆಳಗ್ಗೆ ಸಿಡುಕುತ್ತಾರೆ, ಎಲ್ಲ ಅವನ ನಾಲಗೆಯ ತುದಿಯಲ್ಲೇ. ಅವನ ಮಾತು ಕೇಳಿ ಕೆಟ್ಟವರಿಲ್ಲ. ಅವನಿಗೆ ಉಳಿದಿರುವುದು ಒಂದೇ, ಇಬ್ಬಿಬ್ಬರು ಸೇರಿ ಮಾಡುವ ಕೊನೆಯ ಪ್ರಾಜೆಕ್ಟ್. ಪ್ರತಿ ವರ್ಷ ಅದಕ್ಕೆ ತನ್ನ ಹೆಸರು ಕೊಡುತ್ತಾನೆ, ಜೊತೆಗಾರನ ಹೆಸರು ಹೇಳಬೇಕಾದ ದಿನ ಹಿಂದೆ ಸರಿಯುತ್ತಾನೆ. ಈ ಸಲ ಕೊನೆಯ ವರ್ಷದ ಯೆವೊನ್ ತಡೆಯಲಾರದೆ, “ಅಣ್ಣಾ, ನಂಗೂ ಯಾರೂ ಸಿಕ್ಕಿಲ್ಲ. ಇಬ್ರೂ ಸೇರಿ ಮುಗಿಸ್ಬಿಡೋಣ್ವಾ?” ಎಂದಳು. ಅವನು ನೂಡಲ್ಸ್ ಬಟ್ಟಲು ಪಕ್ಕಕ್ಕಿಟ್ಟ. “ನಂಗೆ ಇನ್‌ಸೊಪ್ ಇದಾನಮ್ಮ. ಮೊದಲ್ನೇ ವರ್ಷಾನೇ ಮಾತಾಗಿತ್ತು. ಇಬ್ರೂ ಒಟ್ಟಿಗೇ ಸೈನ್ಯಕ್ಕೆ ಹೋದ್ವಿ, ವಾಪಸ್ ಬಂದು ಮಾಡೋಣ ಅಂದಿದ್ದ,” ಎಂದವನು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಳ್ಳುತ್ತ ಹೇಳಿದ, “ನಾನು ಬಂದೆ.”