ಮಗಳ ಮೆಟಲ್, ಅಪ್ಪನ ಜಾಝ್

"ಅಂಕಲ್, ಇದನ್ನ ಅಪ್ಪಂಗೆ ಕೊಡ್ತೀರಾ? ಪೋಸ್ಟಲ್ಲಿ ಕಳಿಸೋಕೆ ಮನಸ್ಸಿಲ್ಲ."

ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆ ಬಾಗಿಲಲ್ಲಿ ನಿಂತು ಮೇಘನಾ ಒಂದು ಎಲ್‌ಪಿ ರೆಕಾರ್ಡ್ ಕೈಗಿಟ್ಟಳು. ಕಪ್ಪು ಕವರ್. ಮೇಲೆ ಮುಳ್ಳುಮುಳ್ಳಾದ ಅಕ್ಷರ. ಅವಳ ಹೆವಿ ಮೆಟಲ್ ಬ್ಯಾಂಡಿನ ಮೊದಲ ಆಲ್ಬಂ. ಅದರಲ್ಲಿ ಗಿಟಾರ್ ಅವಳದೇ (ಹೊಟ್ಟೆಪಾಡಿಗೆ ಓಕ್ ಬ್ರೂಕ್‌ನಲ್ಲಿ ಆಫೀಸು ಇದೆ, ಬಿಡಿ).

ಅವಳಪ್ಪ ಶ್ರೀಕಂಠ ಮೈಸೂರಿನಲ್ಲಿ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್. ಈಗ ಮಿಷಿಗನ್ನಿನ ಪ್ಲಿಮತ್‌ನಲ್ಲಿದ್ದಾನೆ. ಕಾರ್ ಕಂಪನಿಯಲ್ಲಿ, ಕಾರಿನೊಳಗೆ ಸದ್ದು ಬಾರದಂತೆ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಹುಚ್ಚು ಮಾತ್ರ ಜಾಝ್‌ದು. ಡೆಟ್ರಾಯಿಟ್‌ನ ಹಳೇ ರೆಕಾರ್ಡ್ ಅಂಗಡಿಗಳನ್ನು ಜಾಲಾಡಿ ಬೇಸ್‌ಮೆಂಟ್ ತುಂಬಿಸಿದ್ದ. ಭಾನುವಾರ ಬೆಳಿಗ್ಗೆ ಪುಟ್ಟ ಮೇಘನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈ ಸ್ಯಾಕ್ಸೊಫೋನ್ ಕೇಳು ಪುಟ್ಟಿ, ಈಗ ಹೇಗೆ ತಿರುಗುತ್ತೆ ನೋಡು" ಅನ್ನುತ್ತಿದ್ದ.

ಅಂಥವನು ನಾಲ್ಕು ವರ್ಷದ ಹಿಂದೆ ಮಗಳ ಶೋಗೆ ಹೋಗಿ ಎರಡನೇ ಹಾಡಿಗೇ ಎದ್ದು ಬಂದ. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ, ಅವಳ ಬ್ಯಾಂಡಿನವರ ಎದುರಿಗೇ, "ಇದನ್ನ ಮ್ಯೂಸಿಕ್ ಅನ್ಬೇಡ" ಅಂದ. ಅವತ್ತಿಗೆ ನಿಂತಿತು ಇಬ್ಬರ ಮಾತು.

ಕಳೆದ ಚಳಿಗಾಲದಲ್ಲಿ ಶ್ರೀಕಂಠನಿಗೆ ಮೆದುಳಿನ ಸೋಂಕು ತಗುಲಿ ಎರಡೂ ಕಿವಿ ಹೋದವು. ಮೇಘನಾ ಆಸ್ಪತ್ರೆಗೆ ಹೋಗಿ ಎರಡು ದಿನ ಕೂತಿದ್ದಳು. ಏನೂ ಕೇಳಿಸದ ಅಪ್ಪನ ಹತ್ತಿರ ಏನು ಮಾತಾಡುವುದು? ಎದ್ದು ಬಂದಳು. ಆಮೇಲೆ ಆಪರೇಷನ್ ಮಾಡಿ ಒಳಕಿವಿಗೆ ಒಂದು ಯಂತ್ರ ಕೂರಿಸಿ, ಅದರ ಹೊರಭಾಗವನ್ನು ಕಿವಿಯ ಹಿಂದೆ ಸಿಕ್ಕಿಸಿದರು.

"ಈಗ ಕೇಳ್ಸತ್ತಲ್ವಾ ಅಂಕಲ್?"

"ಓ, ಫೋನಲ್ಲೇ ಮಾತಾಡ್ತಾನೆ" ಅಂದೆ. ನಿಜವೇ ತಾನೇ?

ಶನಿವಾರ ಮುನ್ನೂರು ಮೈಲಿ ಡ್ರೈವ್ ಮಾಡಿ ಪ್ಲಿಮತ್ ತಲುಪಿದೆ. ಶ್ರೀಕಂಠ ಕನ್ನಡಕ ಹಾಕಿಕೊಂಡು ಕವರಿನ ಒಳಪುಟ ಓದತೊಡಗಿದ. ತನ್ನ ಮೇಲೆ ಪ್ರಭಾವ ಬೀರಿದವರ ಪಟ್ಟಿ ಕೊಟ್ಟಿದ್ದಳು ಮಗಳು. ನಮ್ಮಿಬ್ಬರಿಗೂ ಗೊತ್ತಿಲ್ಲದ ಬ್ಯಾಂಡುಗಳು. ಕೊನೆಯ ಸಾಲು: "ಅಪ್ಪನ ಬೇಸ್‌ಮೆಂಟ್, ಭಾನುವಾರ ಬೆಳಿಗ್ಗೆ."

ಅವನು ಅದನ್ನು ಎರಡು ಸಲ ಓದಿದ. ಬೇಸ್‌ಮೆಂಟಿಗೆ ಇಳಿದ. ನಾನೇ ರೆಕಾರ್ಡ್ ಹಾಕಿದೆ. ಎರಡೇ ನಿಮಿಷ. ಮುಖ ಕಿವುಚಿಕೊಂಡು ಕಿವಿಯ ಹಿಂದಿನ ಯಂತ್ರ ತೆಗೆದುಬಿಟ್ಟ!

ನನಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಹಾಕಿಕೋ ಅಂತ ಸನ್ನೆ ಮಾಡಿ, "ಇನ್ನೂ ನಿನ್ನ ಹಟ ಹೋಗಿಲ್ವೇನೋ?" ಅಂತ ರೇಗಿದೆ.

"ಹಟ ಅಲ್ಲ ಕಣೋ. ಇದ್ರಲ್ಲಿ ಮಾತು ತಿಳಿಯುತ್ತೆ, ಸಂಗೀತ ತಿಳಿಯಲ್ಲ. ಜಾಝ್ ಹಾಕಿದ್ರೂ ತಗಡು ಕೆರೆದ ಹಾಗೇ. ಡಾಕ್ಟ್ರು ಅಭ್ಯಾಸ ಮಾಡಿ ಅಂತಾರೆ. ದಿನಾ ಇಲ್ಲಿ ಕೂತು ಮಾಡ್ತೀನಿ. ಏನೂ ಬರ್ತಿಲ್ಲ."

ರೆಕಾರ್ಡ್ ನಿಲ್ಲಿಸಲು ಕೈ ಚಾಚಿದೆ.

"ನೀನು ಕೇಳು" ಅಂದ. "ಹೇಗಿದೆ ಹೇಳು."

ಜಾಝ್‌ಗೂ ಮೆಟಲ್‌ಗೂ ಸಮಾನವಾಗಿ ಕಿವಿ ಮುಚ್ಚಿಕೊಳ್ಳುವವನು ನಾನು. ಆದರೂ ಕೂತೆ. ಮೂರನೇ ಹಾಡಿನಲ್ಲಿ ಅಬ್ಬರ, ಕಿರುಚಾಟ ಎಲ್ಲ ತಟ್ಟನೆ ನಿಂತು ಗಿಟಾರ್ ಒಂದೇ ಉಳಿಯಿತು. ಉಸಿರು ಎಳೆದುಕೊಂಡು, ತಡವರಿಸಿ, ತಿರುಗಿತು.

"ಸ್ಯಾಕ್ಸೊಫೋನ್ ಥರ ನುಡಿಸ್ತಿದ್ದಾಳೆ ಕಣೋ!"

"ಥರ ಅಂದ್ರೆ? ಹೇಗೆ?"

ಹೇಗೆ ಅಂತ ಹೇಳುವುದು? ನನ್ನ ಅಪಸ್ವರದಲ್ಲೇ ಗುನುಗಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ಮುಖ ತಿರುಗಿಸಿಕೊಂಡ.

ಹೊರಡುವಾಗ ಕಾರಿನವರೆಗೂ ಬಂದು, "ಅವಳಿಗೆ ಇದೆಲ್ಲ ಹೇಳ್ಬೇಡ. ಮೂರನೇದು ತುಂಬಾ ಇಷ್ಟ ಆಯ್ತಂತೆ ಅನ್ನು" ಅಂದ.

ಆಯ್ತು ಅಂತ ಮಾತು ಕೊಟ್ಟೆ. ಅವಳಿಗೆ ಹಾಗೇ ಅಂದೆ. ಫೋನಿನಲ್ಲೇ ಮೇಘನಾ ಅತ್ತುಬಿಟ್ಟಳು.

"ನಂಗೆ ಗೊತ್ತಿತ್ತು! ಅದು ಅಪ್ಪಂಗೋಸ್ಕರಾನೇ ಮಾಡಿದ್ದು ಅಂಕಲ್. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಗಿಟಾರ್ ತಗೊಂಡು ಹೋಗ್ತೀನಿ. ಅಪ್ಪನ ಮುಂದೆ ಕೂತು ಲೈವ್ ನುಡಿಸ್ತೀನಿ. ಹೇಳ್ಬೇಡಿ, ಸರ್‌ಪ್ರೈಸ್!"

ಅವಳಿಗೂ ಹೂಂ ಅಂದುಬಿಟ್ಟೆ. ಈಗ ನೀವೇ ಹೇಳಿ, ನಾನು ಇವರಿಬ್ಬರಲ್ಲಿ ಯಾರಿಗೆ ಕೊಟ್ಟ ಮಾತು ಮುರಿಯಲಿ?