ಆಯಿ ಒತ್ತಿದ ಹೆಬ್ಬೆಟ್ಟು

ಹತ್ತರಗಿಯ ಸಮೀಪದ ಅನಾಥಾಶ್ರಮವೊಂದರ ಮಕ್ಕಳನ್ನು ನೋಡಲು ಕಳೆದ ವಾರ ಹೋಗಿದ್ದಾಗ, ಅಲ್ಲಿ ದಾನಿಯೊಬ್ಬರು ಕರದಂಟಿನ ಪೆಟ್ಟಿಗೆ ತೆರೆದರು. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲದ ಪಾಕ... ಆ ವಾಸನೆ ತಾಗಿದ್ದೇ ತಡ, ನನ್ನ ನಾಲಿಗೆ ತಾನಾಗಿ ಎಡದವಡೆಯ ಖಾಲಿ ಜಾಗವನ್ನು ಮುಟ್ಟಿತು. ಅದರ ಹಿಂದೆಯೇ ಅಡುಗೆಯ ಆಯಿ ನೆನಪಾದಳು.

ನಾನು ಬೆಳೆದದ್ದು ಗೋಕಾಕದ ಒಂದು ಆಶ್ರಮದಲ್ಲಿ. ಅಲ್ಲಿ ಅಡುಗೆ ಮಾಡುತ್ತಿದ್ದ, ತುಕ್ಕಾನಟ್ಟಿಯಿಂದ ಬಂದ ಹೆಂಗಸನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಊರಿನ ಅನುಕೂಲಸ್ಥರು ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ನಮಗೆ ಸಿಹಿ ತರುವುದು ರೂಢಿ. ವಾರದಲ್ಲಿ ಎರಡು ಮೂರು ದಿನವಾದರೂ ಕರದಂಟು, ಪೇಢೆ, ಕೇಕು. ತಿಂದು, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು, ಬಾಯಿ ತೊಳೆಯದೆ ಮಲಗುತ್ತಿದ್ದೆವು. ಹುಳುಕಿಲ್ಲದ ಹಲ್ಲಿನವಳು ನಮ್ಮಲ್ಲಿ ಯಾರಿದ್ದಳೋ... ನೆನಪಾಗುವುದಿಲ್ಲ.

ಒಮ್ಮೆ ಆಯಿ ದಾನಿಯೊಬ್ಬರಿಗೆ ನೇರವಾಗಿಯೇ ಹೇಳಿದಳು: "ಸಿಹಿ ಸಾಕ್ರಿ ಸಾವ್ಕಾರ್ರ. ಮುಂದಿನ ಸಲ ಬ್ರಶ್ ತರ್ರಿ. ಒಂದ ಬ್ರಶ್‌ನ್ಯಾಗ ಮೂರ ಹುಡುಗ್ಯಾರು ಹಲ್ಲ ತಿಕ್ಕತಾರ."

"ಬ್ರಶ್ ಹಂಚಿದ್ರ ಫೋಟೋ ಹೆಂಗ ಚಂದ ಬರತೈತಿ ಆಯಿ?" ಎಂದು ಅವರು ನಕ್ಕರು.

"ಹಲ್ಲಿಲ್ಲದ ಬಾಯಿ ನಕ್ಕರ ಚಂದ ಬರತೈತೇನ್ರಿ?"

ವ್ಯವಸ್ಥಾಪಕರು ಆಯಿಯನ್ನು ದುರುಗುಟ್ಟಿ ನೋಡಿದರು.

ನನಗೆ ಹತ್ತು ವರ್ಷವಾಗಿದ್ದಾಗ ಆಶ್ರಮದಲ್ಲಿ ದಂತ ತಪಾಸಣಾ ಶಿಬಿರ ನಡೆಯಿತು. ನನ್ನ ದವಡೆಹಲ್ಲೊಂದನ್ನು ಕೂಡಲೇ ಕೀಳಿಸಬೇಕೆಂದು ವೈದ್ಯರು ಚೀಟಿ ಬರೆದರು. ಅದಕ್ಕೆ ಪಾಲಕರ ಸಹಿ ಬೇಕಿತ್ತು. ನಮ್ಮ ಪಾಲಕರೆಂದರೆ ವ್ಯವಸ್ಥಾಪಕರೇ. ಇಂದು, ನಾಳೆ ಎನ್ನುತ್ತ ಅವರು ಚೀಟಿಯನ್ನು ಫೈಲಿಗೆ ಸೇರಿಸಿದರು. ಕೆಲವೇ ದಿನಗಳಲ್ಲಿ ಕೆನ್ನೆ ಊದಿ ಕಣ್ಣು ಮುಚ್ಚಿತು, ಜ್ವರ ಏರಿತು, ಗಂಜಿಯೂ ಗಂಟಲಿಗಿಳಿಯದಾಯಿತು. ಆಯಿ ಒಲೆ ಆರಿಸಿ, ಯಾರನ್ನೂ ಕೇಳದೆ, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದಳು.

"ಹುಡುಗಿಗೆ ನೀವು ಏನಾಗಬೇಕ್ರಿ?" ನರ್ಸ್ ಕೇಳಿದರು.

"ದಿನಾ ಅನ್ನಾ ಹಾಕಾಕಿ ನಾನ. ಇನ್ನೇನಾಗಬೇಕ್ರಿ?" ಎಂದವಳೇ ತಾಯಿಯ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು.

ಇನ್ನೊಂದು ದಿನ ತಡವಾಗಿದ್ದರೆ ಕೀವು ಕುತ್ತಿಗೆಗಿಳಿಯುತ್ತಿತ್ತು ಎಂದರಂತೆ ವೈದ್ಯರು. ನಾನು ಉಳಿದೆ. ಸುಳ್ಳು ಹೆಬ್ಬೆಟ್ಟು ಒತ್ತಿದ ತಪ್ಪಿಗೆ ಆಯಿಯನ್ನು ಮರುದಿನವೇ ಕೆಲಸದಿಂದ ತೆಗೆದರು. ಚೀಟಿಯನ್ನು ಫೈಲಿನಲ್ಲಿಟ್ಟವರನ್ನು ಯಾರೂ ಪ್ರಶ್ನಿಸಲಿಲ್ಲ.

ಆ ಪ್ರಶ್ನೆಯನ್ನು ನಾನು ಕಳೆದ ವಾರ ಹತ್ತರಗಿಯ ಬಳಿಯ ಆ ಆಶ್ರಮದಲ್ಲಿ ಕೇಳಿದೆ. ಅಲ್ಲಿಯೂ ಒಂದು ದಂತ ಶಿಬಿರ ನಡೆದಿತ್ತು. ಶಿಬಿರದ ಚೀಟಿಗಳು ಎಲ್ಲಿವೆ? ಯಾವ ಯಾವ ಮಗುವಿಗೆ ಚಿಕಿತ್ಸೆಯಾಗಿದೆ? ಸಹಿ ಮಾಡಬೇಕಾದವರು ಯಾರು? "ಶಿಬಿರ ಆಗೈತ್ರಿ ಮೇಡಮ್, ಫೋಟೋ ಅದಾವ" ಎಂಬ ಉತ್ತರ ಸಿಕ್ಕಿತು. ನೋವು ಮಕ್ಕಳದು, ಆ ನೋವಿಗೆ ಉತ್ತರ ಹೇಳಬೇಕಾದವರ ಹೆಸರು ಪ್ರತಿ ಚೀಟಿಯ ಮೇಲೂ ಇರಲೇಬೇಕು. ಅಲ್ಲಿಯೇ ಕುಳಿತು ಅರ್ಜಿ ಬರೆದುಕೊಟ್ಟೆ. ಲಿಖಿತ ಉತ್ತರ ಕೈಸೇರುವವರೆಗೂ ಕೇಳುತ್ತಲೇ ಇರುತ್ತೇನೆ.

ಮರುದಿನ ಆಯಿಯನ್ನು ಹುಡುಕಿಕೊಂಡು ತುಕ್ಕಾನಟ್ಟಿಗೆ ಹೋದೆ. ಅವಳನ್ನು ಮಣ್ಣು ಮಾಡಿ ಎರಡು ವರ್ಷವಾಗಿತ್ತು.

"ನಿಮ್ಮ ನಂಬರ ನಮ್ಮ ಕಡೆ ಇರಲಿಲ್ಲರಿ ಅಕ್ಕಾರ" ಎಂದ ಅವಳ ಮಗ, ತಪ್ಪು ತನ್ನದೇ ಎಂಬಂತೆ.

ಗೋಕಾಕದಿಂದ ತುಕ್ಕಾನಟ್ಟಿಗೆ ದಿನವೂ ಬಸ್ಸಿದೆ. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಒಮ್ಮೆಯೂ ಹತ್ತಿರಲಿಲ್ಲ.