ಎರಡನೇ ಮಗ್ಗದ ಹಾಸು ಮುಗಿಯುವವರೆಗೆ

ಇವತ್ತು ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದೆ. ಹೆಂಡತಿ ಭಾಗ್ಯ, ತಮ್ಮನ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆಂದು ಮೂರು ದಿನದ ಮಟ್ಟಿಗೆ ತವರಿಗೆ ಹೋಗಿದ್ದಾಳೆ. ಅಡುಗೆಮನೆಯೂ ಹತ್ತು ವರ್ಷದ ಮಗಳೂ ನನ್ನ ಉಸ್ತುವಾರಿಯಲ್ಲಿದ್ದಾರೆ, ಅಥವಾ ನಾನು ಅವರ ಉಸ್ತುವಾರಿಯಲ್ಲಿದ್ದೇನೆ. ಮಿಕ್ಸಿಯ ಗದ್ದಲದಲ್ಲಿ ಒಳಕೋಣೆಗೆ ಕೇಳಿಸಲಿ ಅಂತ ಗಂಟಲು ಹರಿಯುವಂತೆ ಕೂಗಿದೆ: "ಉಪ್ಪಿಟ್ಟು ತಳ ಹಿಡಿದ್ಬಿಡ್ತು ಕಣೇ, ನಿಮ್ಮಮ್ಮಂಗೆ ಹೇಳ್ಬೇಡ!" ಸರಿಯಾಗಿ ಅರ್ಧಕ್ಕೆ ಕರೆಂಟ್ ಹೋಯಿತು. ಮಿಕ್ಸಿ ಸುಮ್ಮನಾಯಿತು, ನಾನು ಆಗಲಿಲ್ಲ. "ಹೇಳ್ಬೇಡ" ಅನ್ನುವುದು ಬೀದಿಯ ಆ ತುದಿಯವರೆಗೂ ಹೋಗಿರಬೇಕು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಅಡುಗೆಕಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಏನಾಯ್ತಪ್ಪಾ?" ಅಂತ ಮಗಳು ಓಡಿ ಬಂದಳು. ಏನಿಲ್ಲ ಅಂದೆ. ಅವಳಿಗೆ ಹೇಳುವುದಕ್ಕೆ ಇನ್ನೂ ಕಾಲವಿದೆ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಏಳು ವರ್ಷದ ಹಿಂದಿನ ಮಾತು. ದೇವನಹಳ್ಳಿಯಲ್ಲಿ ಸೈಟು ಮಾರಿಸುವುದು ನನ್ನ ಕೆಲಸ, ಆಗಲೂ ಈಗಲೂ. ಆಗ ಅದರ ಜೊತೆಗೆ ಕುಡಿಯುವುದೂ ಇತ್ತು. ನಿಜ ಹೇಳಬೇಕೆಂದರೆ ಕುಡಿಯುವುದೇ ಕೆಲಸ, ಸೈಟು ತೋರಿಸುವುದು ಬಿಡುವಿನ ಹವ್ಯಾಸ. ಒಂದು ದಿನ ಭಾಗ್ಯ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಸೂಲಿಬೆಲೆ ಹತ್ತಿರದ ತವರೂರಿಗೆ ಹೊರಟಳು. ಕೂಗಾಡಲಿಲ್ಲ, ಅಳಲಿಲ್ಲ. "ಕುಡಿಯೋದು ಬಿಡಿ. ಸುಳ್ಳು ಹೇಳೋದೂ ಬಿಡಿ. ಆಮೇಲೆ ಬರೋದಾ ಬೇಡ್ವಾ ನೋಡ್ತೀನಿ" ಅಂದಳು. ಮೊದಲನೆಯದು ನನಗೆ ಕೇಳಿಸಿತು. ಎರಡನೆಯದು ಕಿವಿಗೆ ಬೀಳಲೇ ಇಲ್ಲ. ಅವಳು ವಾಪಸ್ಸು ಬರಬೇಕು, ಅದಕ್ಕೆ ಏನು ಮಾಡಬೇಕೋ ಬೇಗ ಮಾಡಿ ಮುಗಿಸಬೇಕು, ಇಷ್ಟೇ ತಲೆಯಲ್ಲಿತ್ತು.

ದೊಡ್ಡಬಳ್ಳಾಪುರದ ಒಂದು ಶಾಲೆಯ ಕೊಠಡಿಯಲ್ಲಿ ವಾರಕ್ಕೆರಡು ಸಂಜೆ ಕುಡಿತ ಬಿಟ್ಟವರು, ಬಿಡಲು ಹೊರಟವರು ಸೇರುತ್ತಿದ್ದರು. ಎರಡನೇ ಕ್ಲಾಸಿನ ಮಕ್ಕಳ ಬೆಂಚು. ಮಂಡಿ ಗಲ್ಲಕ್ಕೆ ತಾಗುವಂತೆ ಕೂರಬೇಕು. ಅಲ್ಲಿಯ ಪದ್ಧತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು: ಹನ್ನೆರಡು ಮೆಟ್ಟಿಲು. ಕುಡಿತದ ಮುಂದೆ ಸೋತೆ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ಮಾಡಿದ ತಪ್ಪುಗಳನ್ನೆಲ್ಲ ಬರೆಯುವುದು ನಾಲ್ಕನೆಯದು, ಅವನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು ಐದನೆಯದು, ನೋಯಿಸಿದವರ ಬಳಿಗೆ ಹೋಗಿ ಸರಿಪಡಿಸಿಕೊಳ್ಳುವುದು ಒಂಬತ್ತನೆಯದು, ಹೀಗೆ. ಮೊದಲೇ ಹತ್ತಿದವರೊಬ್ಬರು ಹೊಸಬನ ಜೊತೆಗಿದ್ದು ಹತ್ತಿಸುತ್ತಾರೆ. ಅವರನ್ನು ಸ್ಪಾನ್ಸರ್ ಅನ್ನುತ್ತಾರೆ. ನನಗೆ ಸಿಕ್ಕವರು ರುದ್ರಣ್ಣ. ಎಂಟು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವವರು, ಕುಡಿತ ಬಿಟ್ಟು ಆಗಲೇ ಹದಿನೇಳು ವರ್ಷವಾಗಿತ್ತು. ಸಣ್ಣ ಆಳು, ದಪ್ಪ ಕನ್ನಡಕ, ಅಂಗಿಯ ಮೇಲೆ ಸದಾ ಬಣ್ಣಬಣ್ಣದ ನೂಲಿನ ತುಣುಕು.

ಮೊದಲ ದಿನವೇ ಅವರ ಮುಂದೆ ನನ್ನ ಯೋಜನೆ ಇಟ್ಟೆ.

"ಅಣ್ಣ, ದಿನಕ್ಕೊಂದು ಮೆಟ್ಟಿಲು. ಹನ್ನೆರಡು ದಿನ. ಹದಿಮೂರನೇ ದಿನ ಹೆಂಡ್ತಿ ಮನೆಗೆ."

ರುದ್ರಣ್ಣ ಕನ್ನಡಕ ತೆಗೆದು ಒರೆಸಿದರು. "ಹನ್ನೊಂದನೇ ದಿನಕ್ಕೆ ತಿಥಿ ಮುಗಿಸ್ಬಿಡ್ತಾರೆ ಕಣಪ್ಪಾ. ನೀನು ಇನ್ನೆರಡು ದಿನ ಜಾಸ್ತಿ ಕೇಳ್ತಿದ್ದೀಯ ಅಷ್ಟೇ."

"ಮೊದಲನೇದು ಆಗ್ಲೇ ಆಯ್ತಲ್ಲಣ್ಣ. ನಾನು ಸೋತಿದ್ದು ಇಡೀ ತಾಲ್ಲೂಕಿಗೇ ಗೊತ್ತು."

"ತಾಲ್ಲೂಕಿಗೆ ಗೊತ್ತು. ನಿಂಗೆ ಗೊತ್ತಾ?"

ನಾನು ನಕ್ಕೆ. ಸಿಕ್ಕಿಬಿದ್ದಾಗಲೆಲ್ಲ ನಗುವುದು ನನ್ನ ಚಾಳಿ. ಅವರೂ ನಕ್ಕರು. ಮರುದಿನ ಮಗ್ಗದ ಮನೆಗೆ ಕರೆದುಕೊಂಡು ಹೋಗಿ, ಬಾಗಿಲ ಪಕ್ಕದ ಎರಡನೇ ಮಗ್ಗ ತೋರಿಸಿದರು. ಸೀರೆಯ ಉದ್ದನೆಳೆಗಳನ್ನೆಲ್ಲ ಒಂದು ದೊಡ್ಡ ಉರುಳೆಗೆ ಸುತ್ತಿ ಮಗ್ಗದ ಹಿಂಬದಿಗೆ ಏರಿಸಿರುತ್ತಾರೆ, ಅದನ್ನು ಹಾಸು ಅನ್ನುತ್ತಾರೆ. ಒಂದು ಹಾಸಿನಲ್ಲಿ ಹಲವು ಸೀರೆ ಬರುತ್ತವೆ. ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು. "ಈ ಹಾಸು ಮುಗಿಯೋವರೆಗೂ ನೀನು ಮೊದಲನೇ ಮೆಟ್ಟಿಲ ಮೇಲೇ ಇರ್ತೀಯ. ಹೊಸ ಹಾಸು ಏರಿಸಿದ ದಿನ ಬಾ, ಎರಡನೇದು ನೋಡೋಣ" ಅಂದರು.

ನನಗೆ ತಲೆ ತಿರುಗಿತು. ಹನ್ನೆರಡು ಮೆಟ್ಟಿಲಿಗೆ ಹನ್ನೆರಡು ಹಾಸು!

ಆ ದಿನಗಳ ನನ್ನ ಹುರುಪನ್ನು ಹೇಗೆ ಹೇಳಲಿ? ಕುಡಿತ ಬಿಟ್ಟ ಹೊಸದರಲ್ಲಿ ಲೋಕವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತದೆ. ಬೆಳಿಗ್ಗೆ ಐದಕ್ಕೇ ಎಚ್ಚರ. ಕಾಫಿಗೆ ಕಾಫಿಯ ರುಚಿ. ಮಾಕಳಿದುರ್ಗದ ಬೆಟ್ಟ ಹುಟ್ಟಿದಾಗಿನಿಂದ ನೋಡಿದ್ದೇ. ಒಂದು ಭಾನುವಾರ ಓಡಿ ಹತ್ತಿ, ಮೇಲೆ ನಿಂತು, ಚಾರಣಕ್ಕೆ ಬಂದಿದ್ದ ಅಪರಿಚಿತರಿಗೆಲ್ಲ ಕೈಕುಲುಕಿ "ನಾನು ಕುಡಿಯೋದು ಬಿಟ್ಟಿದ್ದೀನಿ" ಅಂದೆ. ಅವರು ತಮ್ಮ ಬ್ಯಾಗುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ರುದ್ರಣ್ಣನಿಗೆ ಇದನ್ನು ಹೇಳಿದಾಗ, "ಈ ಖುಷಿ ಇದ್ಯಲ್ಲ, ಇದು ಬಾಟ್ಲಿ ಖುಷಿಗೆ ತಮ್ಮ ಆಗ್ಬೇಕು. ಜೊತೆಗಿರ್ಲಿ, ಆದ್ರೆ ಗಾಡಿ ಅವನ ಕೈಗೆ ಕೊಡ್ಬೇಡ" ಅಂದರು.

ಕೊಟ್ಟೆ. ಮೊದಲ ಹಾಸು ಅರ್ಧವೂ ಆಗಿರಲಿಲ್ಲ, ನಾನು ಅವರಿಗೆ ಹೇಳದೆ ನೇರ ಒಂಬತ್ತನೇ ಮೆಟ್ಟಿಲಿಗೆ ಜಿಗಿದೆ. ಕ್ಷಮೆ ಕೇಳುವುದು ತಾನೇ? ಬರಿಗೈಯಲ್ಲಿ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ತಟ್ಟೆಯಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟೆ. ಮೊದಲ ಮನೆಯಲ್ಲಿ ಬಾಗಿಲು ತೆರೆದ ಅಜ್ಜಿ ತಟ್ಟೆ ನೋಡಿ, "ಬಾರಪ್ಪಾ, ಗೃಹಪ್ರವೇಶ ಯಾವತ್ತು?" ಅಂತ ಒಳಗೆ ಕರೆದು ಕುಂಕುಮದ ಬಟ್ಟಲು ತಂದರು. ಎರಡನೆಯದು ನನ್ನ ಹಳೆಯ ಗೆಳೆಯನ ಮನೆ. ಅವನ ಮದುವೆಯ ಆರತಕ್ಷತೆಯಲ್ಲಿ ಕುಡಿದು ವೇದಿಕೆಯಿಂದ ಬಿದ್ದಿದ್ದೆ. ತಟ್ಟೆ ಕಂಡದ್ದೇ ಅವನು ಗಾಬರಿಯಾಗಿ, "ಗುರು, ಇನ್ನೊಂದು ಮದ್ವೆ ಆಗ್ತಿದ್ದೀಯಾ?" ಅಂದ. ಆ ಮಾತು ಎರಡೇ ದಿನದಲ್ಲಿ ಸೂಲಿಬೆಲೆ ಮುಟ್ಟಿತು. ಭಾಗ್ಯ ಒಂದು ತಿಂಗಳು ಫೋನ್ ಎತ್ತಲಿಲ್ಲ. ರುದ್ರಣ್ಣ ಬೈಯಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಬಾಳೆಹಣ್ಣನ್ನು ಸುಲಿದು ತಿನ್ನುತ್ತಾ, "ಮೊದಲನೇ ಮೆಟ್ಟಿಲು ಹೇಳು ನೋಡೋಣ" ಅಂದರು.

ಅಲ್ಲಿಂದ ಮೇಲೆ ನನ್ನ ಗಮನವೆಲ್ಲ ಕರೆಂಟಿನ ಕಡೆಗೆ ತಿರುಗಿತು. ಕರೆಂಟ್ ಇದ್ದರೆ ಮಗ್ಗ ಓಡುತ್ತದೆ, ಮಗ್ಗ ಓಡಿದರೆ ಹಾಸು ಮುಗಿಯುತ್ತದೆ, ಹಾಸು ಮುಗಿದರೆ ನಾನು ಮೇಲೇರುತ್ತೇನೆ. ದೇವನಹಳ್ಳಿಯಲ್ಲಿ ಕೂತು ದೊಡ್ಡಬಳ್ಳಾಪುರದ ವಿದ್ಯುತ್ ಕಚೇರಿಗೆ ದಿನಾ ಫೋನ್ ಮಾಡುತ್ತಿದ್ದೆ. ಅಲ್ಲಿದ್ದ ಪುಣ್ಯಾತ್ಮ ಒಂದು ದಿನ, "ನಿಮ್ಮದು ಎಷ್ಟು ಮಗ್ಗ ಸಾರ್?" ಅಂತ ಕೇಳಿದ. ಒಂದೂ ಇಲ್ಲ ಅಂದೆ. "ಹುಷಾರಾಗಿರಿ ಸಾರ್" ಅಂತ ಫೋನ್ ಇಟ್ಟ.

ಅಂತೂ ನಾಲ್ಕು ಹಾಸು ಮುಗಿದವು. ನೋಟ್‌ಬುಕ್ಕಿನಲ್ಲಿ ತಪ್ಪುಗಳ ಪಟ್ಟಿ ಬರೆದಾಗಿತ್ತು. ಡಿಸೆಂಬರ್‌ನ ಒಂದು ಬೆಳಿಗ್ಗೆ ಐದನೆಯದಕ್ಕೆ ರುದ್ರಣ್ಣ ನನ್ನನ್ನು ಮಗ್ಗದ ಮನೆಗೇ ಕರೆದರು. "ಇದಕ್ಕಿಂತ ಗುಟ್ಟಿನ ಜಾಗ ಊರಲ್ಲೇ ಇಲ್ಲ" ಅಂದರು. ನಿಜವೇ. ಎಂಟು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಗೆ ಬಾಯಿಟ್ಟರೂ ಕೇಳುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಅದೇ ಸದ್ದು. ಇಬ್ಬರೂ ಎದುರುಬದುರು ಸ್ಟೂಲಿನ ಮೇಲೆ ಕೂತೆವು. ಅವರು ನನ್ನ ಮುಖವನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದರು. ನಾನು ಒಂದೊಂದೇ ಓದುತ್ತಾ, ಅವರಿಗೆ ಕೇಳಲಿ ಅಂತ ದನಿ ಏರಿಸುತ್ತಾ ಹೋದೆ. ಕೂಗುವುದರಲ್ಲಿ ಒಂದು ಸುಖವಿತ್ತು. ಕೊನೆಯದಕ್ಕೆ ಬರುವ ಹೊತ್ತಿಗೆ ಎದ್ದು ನಿಂತಿದ್ದೆ.

"ಮಗಳು ಹುಟ್ಟಿದ ದಿನ ಗಾಡಿ ಪಂಕ್ಚರ್ ಆಯ್ತು ಅಂತ ಹೆಂಡ್ತಿಗೆ ಸುಳ್ಳು ಹೇಳ್ದೆ! ನಾನು ಬಾರಲ್ಲಿದ್ದೆ! ಬೆಳಗಾಗೋವರೆಗೂ ಬಾರಲ್ಲಿ ಬಿದ್ದಿದ್ದೆ!"

"ಪಂಕ್ಚರ್" ಅನ್ನುವ ಹೊತ್ತಿಗೆ ಕರೆಂಟ್ ಹೋಗಿತ್ತು. ಎಂಟು ಮಗ್ಗ ನಿಂತವು, ಬೀದಿಯ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಉಳಿದದ್ದೆಲ್ಲ ನಾನೊಬ್ಬನೇ ಹೇಳಿದೆ. ಎಲ್ಲೋ ಒಂದು ಪಾತ್ರೆ ಬಿತ್ತು. ಪಕ್ಕದ ಮನೆಯಿಂದ ಒಂದು ಹೆಣ್ಣುದನಿ, "ಅಯ್ಯೋ, ಯಾರ್ರೀ ಅದು?" ಅಂದಿತು. ಆ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. ಅವಳ ಅಕ್ಕನನ್ನು ಕೊಟ್ಟಿರುವುದು ಭಾಗ್ಯಳ ತವರೂರಿಗೇ, ಅದೇ ಬೀದಿಗೇ. ನನ್ನ ಗುರುತು ಹತ್ತಿತು ಅನ್ನುವುದು ಅವಳ ಕಣ್ಣಲ್ಲೇ ಕಂಡಿತು.

"ನಿಂಗೆ ಕೂಗು ಅಂದೋರ್ಯಾರು?" ರುದ್ರಣ್ಣ ಪಿಸುಗುಟ್ಟಿದರು. "ಮೂವತ್ತು ವರ್ಷದಿಂದ ಈ ಗದ್ದಲದಲ್ಲಿದ್ದೀನಿ. ನಾವೆಲ್ಲ ತುಟಿ ನೋಡೇ ಮಾತು ತಿಳ್ಕೊಳ್ಳೋದು ಕಣೋ! ನೀನು ಸುಮ್ನೆ ಬಾಯಾಡಿಸಿದ್ರೆ ಸಾಕಿತ್ತು!"

ಹೇಳುತ್ತಲೇ ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ. ಇಬ್ಬರೂ ನೂಲಿನ ರಾಶಿಯ ಮೇಲೆ ಕುಸಿದು ನಕ್ಕೆವು. ನಗುತ್ತಿದ್ದ ನನಗೆ ಅಳು ಯಾವಾಗ ಬಂತೋ ತಿಳಿಯದು. ಭಾಗ್ಯ ಇನ್ನು ಬರುವುದಿಲ್ಲ ಅನ್ನಿಸಿಬಿಟ್ಟಿತು. ಅಷ್ಟರಲ್ಲಿ ರುದ್ರಣ್ಣ ನನ್ನ ತೋಳು ಹಿಡಿದು ಎಬ್ಬಿಸಿದರು. ಐದು ತಿಂಗಳು ನಿಧಾನ, ನಿಧಾನ ಅಂದ ಮನುಷ್ಯ ಗಾಡಿಯ ಕೀಲಿಯನ್ನು ನನ್ನ ಕೈಗೆ ತುರುಕಿ, "ಹೋಗು. ಈಗ್ಲೇ ಹೋಗು. ಬೇರೆಯವರ ಬಾಯಿಂದ ಕೇಳ್ಬಾರ್ದು ಅವಳು" ಅಂದರು.

ದೇವನಹಳ್ಳಿ ದಾಟಿ ಸೂಲಿಬೆಲೆ ದಾರಿ ಹಿಡಿದೆ. ಬೈಕಿನಲ್ಲಿ ಆ ಮನೆಯಾಕೆಯ ಫೋನ್ ಕರೆಯನ್ನು ಓಡಿ ಹಿಡಿಯಲು ಹೊರಟ ಭೂಪ ನಾನೊಬ್ಬನೇ ಇರಬೇಕು.

ಭಾಗ್ಯ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಫೋನು ಪಕ್ಕದಲ್ಲೇ ಇತ್ತು. ತಲೆಯೆತ್ತದೆ ಹೇಳಿದಳು: "ಬನ್ನಿ. ಇಡೀ ಬೀದಿಗೆ ಹೇಳಿದ್ರಂತೆ. ನನಗೂ ಒಂದ್ಸಲ ಹೇಳಿ."

ಹೇಳಿದೆ. ಈ ಸಲ ಕೂಗಲಿಲ್ಲ. ಅವಳು ಎರಡು ಕಾಯಿ ಬಿಡಿಸಿದಳು.

"ಪಂಕ್ಚರ್ ಅಲ್ಲ. ಚೈನ್ ಕಟ್ಟಾಯ್ತು ಅಂದಿದ್ರಿ. ಪಂಕ್ಚರ್ ಆಗಿದ್ದು ನಾಮಕರಣದ ದಿನ."

ನಾಮಕರಣ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅಷ್ಟು ಶ್ರದ್ಧೆಯಿಂದ ಬರೆದು, ಅಷ್ಟು ಜೋರಾಗಿ ಕೂಗಿ, ಕೂಗಿದ ಸುಳ್ಳೇ ಬೇರೆ! ಹೇಳಿದ ನನಗೆ ಮರೆತುಹೋಗಿತ್ತು. ಕೇಳಿಸಿಕೊಂಡವಳು ಒಂದನ್ನೂ ಅದಲು ಬದಲು ಮಾಡದೆ ನೆನಪಿಟ್ಟುಕೊಂಡಿದ್ದಳು. ಮೊದಲನೇ ಮೆಟ್ಟಿಲು ನನಗೆ ಅರ್ಥವಾದದ್ದು ಆವತ್ತು, ಅವರೆಕಾಯಿ ಸಿಪ್ಪೆಯ ಮಧ್ಯೆ.

"ಇನ್ನೂ ಎಷ್ಟಿವೆ?" ಅಂದೆ.

"ಒಂದೇ ಸಲ ಹೇಳಿದ್ರೆ ನಿಮಗೆ ಜೀರ್ಣ ಆಗಲ್ಲ. ಭಾನುವಾರ ಬನ್ನಿ. ವಾರಕ್ಕೊಂದು."

ಇದನ್ನು ಕೇಳಿ ರುದ್ರಣ್ಣ ಕೈಮುಗಿದರು. "ನನಗಿಂತ ಒಳ್ಳೇ ಸ್ಪಾನ್ಸರ್ ಸಿಕ್ಕಿದ್ದಾಳೆ ನಿಂಗೆ" ಅಂದರು. ವರ್ಷವಿಡೀ ಭಾನುವಾರಗಳಲ್ಲಿ ಹೋದೆ. ಅವಳು ಒಂದು ಹೇಳುವಳು, ನಾನು ಕೇಳುವೆನು, ಮಗಳು ನನ್ನ ಹೆಗಲೇರುವಳು. ಕೆಲವು ವಾರ ಅವಳೇ ನಕ್ಕುಬಿಡುತ್ತಿದ್ದಳು. ಇಲ್ಲದ ದೊಡ್ಡಪ್ಪನೊಬ್ಬನನ್ನು ನಾನು ಮೂರು ಸಲ ಸಾಯಿಸಿದ್ದೆನಂತೆ. ಇನ್ನು ಕೆಲವು ವಾರ ವಾಪಸ್ಸು ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತಿದ್ದೇನೆ. ಮತ್ತೆ ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಭಾಗ್ಯ ಬ್ಯಾಗು ಕಟ್ಟಿಟ್ಟುಕೊಂಡಿದ್ದಳು.

"ಮುಗೀತಾ?" ಅಂದೆ.

"ಇನ್ನೂ ಇದೆ. ಮನೇಲಿದ್ದೇ ಹೇಳ್ಬಹುದು ಅನ್ನಿಸ್ತು."

ಬಂದಳು ನಿಜ. ಆದರೆ ಬಹಳ ಕಾಲ ಅವಳು ಊರಿಗೆ ಹೋಗಬೇಕಾದರೆ ಎದುರು ಮನೆಯ ಗೌರಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿಯೇ ಹೋಗುತ್ತಿದ್ದಳು. ಗೌರಮ್ಮ ಯಾವುದಾದರೂ ನೆಪ ತೆಗೆದು ಗೇಟಿಗೆ ಬಂದು, ಹತ್ತಿರ ನಿಂತು, ಮೂಗು ಅರಳಿಸಿ ಹೋಗುವರು. ನಾನು ತಪ್ಪು ತಿಳಿದಿಲ್ಲ. ಕೇಳುವ ಹಕ್ಕು ಅವಳದು, ಬಾಯಿ ಮೂಸಿಸಿಕೊಳ್ಳುವ ಪಾಳಿ ನನ್ನದು.

ಇದನ್ನು ಬರೆಯುತ್ತಿದ್ದಂತೆ ಗೇಟು ಸದ್ದಾಯಿತು. ಗೌರಮ್ಮ. ಅಭ್ಯಾಸಬಲದಿಂದ ನೇರ ಹೋಗಿ ಅವರ ಮುಖದ ಹತ್ತಿರವೇ ನಿಂತು, "ಏನಮ್ಮಾ?" ಅಂತ ಬಾಯಿ ದೊಡ್ಡದಾಗಿ ತೆರೆದೆ.

"ದೂರ ನಿಂತ್ಕೊಳ್ಳಪ್ಪಾ, ಯಾಕೆ ಮೇಲೆ ಬೀಳ್ತೀಯ? ಭಾಗ್ಯ ಫೋನ್ ಮಾಡಿದ್ಲು."

ಒಂದು ಹೆಜ್ಜೆ ಹಿಂದೆ ಸರಿದೆ. "ಏನಂದ್ಲು?"

"ಕರಿಬೇವಿನ ಗಿಡಕ್ಕೆ ನೀರು ಹಾಕೋದು ಅವರಿಗೆ ಮರ್ತೋಗುತ್ತೆ, ಸ್ವಲ್ಪ ನೆನಪು ಮಾಡಿ ಅಂದ್ಲು."

"ಅಷ್ಟೇನಾ?"

"ಅಷ್ಟೇ. ಇನ್ನೇನು ಹೇಳ್ಬೇಕಿತ್ತು?"

ಏನೂ ಇಲ್ಲ ಅಂದೆ. ನೋಡಿ, ನಾನೀಗ ಬರೀ ಮರೆಗುಳಿ ಗಂಡ! ಊರಲ್ಲಿ ಇರುವ ಎಲ್ಲ ಗಂಡಂದಿರ ಹಾಗೆ! ಓಡಿಹೋಗಿ ಬಕೆಟ್ ತಂದು ಸುರಿದೆ. ಇನ್ನೊಂದು ತಂದೆ. ಮೂರನೆಯದನ್ನು ಎತ್ತುವಾಗ ಗೌರಮ್ಮ ಗೇಟಿನಿಂದ ಕೂಗಿಕೊಂಡರು, "ನಿಧಾನಪ್ಪಾ, ಗಿಡ ಸತ್ತೋಗುತ್ತೆ!"